ನಾಲಿಗಿಗೆ ಕುಲ ಇಲ್ಲ

(ಮಸ್ಕಿಯ ಕೇರಿಯಲ್ಲಿ ಸೇರಿದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಕೂಡಿಸಿದ್ದೇವೆ, ಕೆಲವು ಕಡೆ ಬಿಟ್ಟಿದ್ದೇವೆ.)



ನಮಗಿಂತ ಮುಂಚೆ ಮಾತಾಡಿದವರು ಭೂಮಿಯ ಬಗ್ಗೆ ಹೇಳಿದರು. ಕೂಲಿಯ ಬಗ್ಗೆ ಹೇಳಿದರು. ಹೆಣ ಹೂಳಲು ಜಾಗವಿಲ್ಲದ ಊರುಗಳ ಬಗ್ಗೆ ಹೇಳಿದರು. ಈಗ ನಮ್ಮ ಪಾಳಿ. ನಾವು ಒಂದು ಪದದ ಬಗ್ಗೆ ಮಾತಾಡ್ತೀವಿ ಅಂದ ಕೂಡಲೇ ಮುಂದೆ ಕುಂತ ಮುತ್ಯಾ ನಕ್ಕುಬಿಟ್ಟರು. "ಬಿ.ಎ. ಓದಿದ ಹುಡುಗರಪಾ ನೀವು. ಪದ ಏನು ಹೊಲ ಕೊಡ್ತೈತೇನು?" ಅಂದರು.

ಇಲ್ಲ ಮುತ್ಯಾ, ಪದ ಹೊಲ ಕೊಡೋದಿಲ್ಲ. ಆದರೆ ಒಂದು ಪದ ಕಾಗದದ ಮೇಲೆ ಬೀಳಲಿಲ್ಲ ಅಂತ ನಮ್ಮ ಮನೆಯ ಹೆಣ್ಣುಮಗಳ ಕೇಸು ಬಿದ್ದು ಹೋಗಿದೆ. ಆ ಕಥೆಯನ್ನು ಆಮೇಲೆ ಹೇಳ್ತೀವಿ. ಮೊದಲು ನಮ್ಮ ಸಾಲಿಯ ಕಥೆ ಕೇಳಿರಿ.

ನಾವು ಐದನೆಯ ಕ್ಲಾಸಿನಲ್ಲಿದ್ದೆವು. ಸಮಾಜದ ಪುಸ್ತಕದಲ್ಲಿ ಅಶೋಕನ ಪಾಠ. ಎದ್ದು ನಿಂತು ಓದು ಅಂದರು. ಓದಿದೆವು, "ಅಸೋಕ". "ಸ ಅಲ್ಲಲೇ, ಶ" ಅಂದರು. ಮತ್ತೆ ಓದಿದೆವು, "ಅಸೋಕ". ಮೂರನೆಯ ಸಲಕ್ಕೆ ಬೆತ್ತ ಬಿತ್ತು. ಬೆತ್ತದ ಉರಿ ಸಂಜೆಗೆ ಹೋಯಿತು. ಆದರೆ ಹೊಡೆದ ಮೇಲೆ ಇಡೀ ಕ್ಲಾಸಿನ ಕಡೆ ತಿರುಗಿ ಅವರು ಒಂದು ಮಾತಂದರು: "ನಾಲಿಗೆ ಕುಲ ಹೇಳ್ತದ ನೋಡ್ರಿ." ಕ್ಲಾಸು ನಕ್ಕಿತು. ಅದರ ಉರಿ ಇನ್ನೂ ಹೋಗಿಲ್ಲ.

ಈ ಗಾದೆ ನಿಮಗೆಲ್ಲ ಗೊತ್ತು. ಮನುಷ್ಯ ಬಾಯಿ ಬಿಟ್ಟರೆ ಸಾಕು, ಅವನ ಜಾತಿ ಹೊರಗೆ ಬೀಳ್ತದೆ ಅಂತ ಅದರ ಅರ್ಥ. ಕಾಲೇಜಿಗೆ ಹೋದ ಮೇಲೆ ನಮಗೆ ಒಂದು ಹಟ ಹುಟ್ಟಿತು. ನಾಲಿಗೆ ನಮ್ಮ ಕುಲ ಹೇಳುವುದಾದರೆ, ಆ ನಾಲಿಗೆ ಎಂಬ ಪದದ ಕುಲ ಯಾವುದು? ಅದು ಯಾರ ಮನೆಯಲ್ಲಿ ಹುಟ್ಟಿತು? ಯಾವ ಓಣಿಯದು? ನಿಘಂಟುಗಳನ್ನು ಹುಡುಕಿದೆವು. ಸಿಕ್ಕದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಕೇರಿಯಲ್ಲಿ ನಾಲಿಗಿ ಅಂತೀವಿ. ಅವಸರ ಇದ್ದರೆ ನಾಲ್ಗಿ. ಪುಸ್ತಕದಲ್ಲಿ ನಾಲಿಗೆ. ಅದಕ್ಕೂ ಹಳೆಯ ಕಾವ್ಯಗಳಲ್ಲಿ ನಾಲಗೆ. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ದೊಡ್ಡ ನಿಘಂಟಿನಲ್ಲೂ ಈ ಪದ ಇದೆ. ಈಗ ಹೇಳಿರಿ, ಇದರಲ್ಲಿ ಶುದ್ಧ ಯಾವುದು? ನಾಲಿಗಿ ಅನ್ನುವುದು ಅಶುದ್ಧ, ನಾಲಿಗೆ ಅನ್ನುವುದು ಶುದ್ಧ ಎಂದು ಹೇಳುವವರು ಸಾವಿರ ವರ್ಷದ ಹಿಂದಿನ ನಾಲಗೆಯ ಮುಂದೆ ನಿಂತರೆ ಅವರದೂ ಅಶುದ್ಧವೇ ಆಗ್ತದೆ. ಅವರ ಪದವೂ ಬದಲಾಗಿದೆ, ನಮ್ಮದೂ ಬದಲಾಗಿದೆ. ಅವರದು ನಡುವೆ ಬದಲಾಗಿದೆ, ನಮ್ಮದು ನಡುವೆಯೂ ಬದಲಾಗಿದೆ, ಕೊನೆಗೂ ಬದಲಾಗಿದೆ. ಇಷ್ಟೇ ಫರಕು.

ಇನ್ನೊಂದು ಮಾತು. ಕೊನೆಯ ಎ ಹೋಗಿ ಇ ಆಗುವುದು ಕೇರಿಯ ತಪ್ಪಲ್ಲ. ಈ ಕಡೆಯ ಸೀಮೆಯ ಕನ್ನಡವೇ ಹಾಗೆ. ಮನೆ ಹೋಗಿ ಮನಿ, ಕುದುರೆ ಹೋಗಿ ಕುದುರಿ. ಗೌಡರ ವಾಡೆಯಲ್ಲೂ ಮನಿ, ಧಾರವಾಡದ ಭಟ್ಟರ ಮನೆಯಲ್ಲೂ ಮನಿ. ವಾಡೆಯವರು ಅಂದರೆ ಅದು "ನಮ್ಮ ಕಡೆಯ ಸೊಗಸು", ನಾವು ಅಂದರೆ "ಕುಲ ಹೇಳ್ತದ". ಹಾಗಾದರೆ ಕುಲ ನಾಲಿಗಿಯಲ್ಲಿ ಎಲ್ಲಿತ್ತು? ಕೇಳುವವರ ಕಿವಿಯಲ್ಲಿತ್ತು.

ಈ ಪದದ ಬೇರು ಎಲ್ಲಿಯದು? ಎಲ್ಲಾ ಒಳ್ಳೆಯ ಪದ ಸಂಸ್ಕೃತದಿಂದ ಬಂದದ್ದು ಅಂತ ನಮಗೆ ಸಣ್ಣಂದಿನಿಂದ ಹೇಳಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ಜಿಹ್ವಾ ಅನ್ನುತ್ತಾರೆ. ನಾಲಿಗೆ ಅಲ್ಲಿಂದ ಬಂದದ್ದಲ್ಲ. ಇದು ಅಚ್ಚ ದೇಶ್ಯ ಪದ. ತಮಿಳರು ನಾ ಅನ್ನುತ್ತಾರೆ, ನಾಕ್ಕು ಅನ್ನುತ್ತಾರೆ. ಮಲಯಾಳದವರು ನಾಕ್ಕು ಅನ್ನುತ್ತಾರೆ, ನಾವು ಅಂತಲೂ ಅನ್ನುತ್ತಾರೆ. ತುಳುವರು ನಾಲಾಯಿ ಅನ್ನುತ್ತಾರೆ. ತೆಲುಗಿನಲ್ಲಿ ನಾಲುಕ. ರಾಯಚೂರು ಸೀಮೆಯ ನಮ್ಮ ಎಷ್ಟೋ ಕೇರಿಗಳಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೋ ಮತ್ತು ಎಮಿನೋ ಎಂಬ ಇಬ್ಬರು ಪಂಡಿತರು 1961ರಲ್ಲಿ ದ್ರಾವಿಡ ಭಾಷೆಗಳ ಪದಮೂಲದ ನಿಘಂಟು ಮಾಡಿದರು. ಅದರಲ್ಲಿ ಇವೆಲ್ಲ ಒಂದೇ ಮನೆತನದ ಮಕ್ಕಳ ಹಾಗೆ ಒಂದೇ ಕಡೆ ಕುಂತಿವೆ. ಬೇರು 'ನಾ' ಎಂಬ ಒಂದೇ ಅಕ್ಷರ.

ಇಲ್ಲಿ ಸ್ವಲ್ಪ ಎಚ್ಚರವೂ ಬೇಕು. ಕಿವಿಗೆ ಹತ್ತಿರ ಕೇಳಿದ್ದೆಲ್ಲ ನೆಂಟಸ್ತನವಲ್ಲ. ನಾಲ್ಕು ರುಚಿ ಬಲ್ಲದು, ಅದಕ್ಕೆ ನಾಲಿಗಿ ಅಂತ ನಮ್ಮ ಆಯಿ ಹೇಳುತ್ತಿದ್ದಳು. ಕೇಳಲಿಕ್ಕೆ ಚೆಂದ, ಆದರೆ ಹಾಗಲ್ಲ. ನೆಕ್ಕು ಎಂಬ ಪದವೂ ಇದರ ತಂಗಿಯ ಹಾಗೆ ಕಾಣುತ್ತದೆ, ನಿಘಂಟು ಅದನ್ನು ಬೇರೆ ಇಟ್ಟಿದೆ. ಮಲಯಾಳದ 'ನಾವು' ಅಂದರೆ ನಾಲಿಗೆ, ಕನ್ನಡದ 'ನಾವು' ಅಂದರೆ ನಾವೆಲ್ಲರೂ. ಇದೂ ನೆಂಟಸ್ತನವಲ್ಲ, ದಾರಿಯಲ್ಲಿ ಇಬ್ಬರು ಒಂದೇ ಹೆಸರಿನವರು ಸಿಕ್ಕ ಹಾಗೆ. ಶಾಸ್ತ್ರದವರು ಹೆಸರಿನ ಸದ್ದು ಹಿಡಿದು ಏನೇನೋ ಕಥೆ ಕಟ್ಟಿ ನಮ್ಮನ್ನು ಪಾದಕ್ಕೆ ಹಾಕಿದರು. ನಾವು ಆ ಕೆಲಸ ಮಾಡಬಾರದು.

ಹುಡುಕಿ ಹುಡುಕಿ ಸಿಕ್ಕದ್ದು ಇಷ್ಟು: ಈ ಪದ ಊರಿನದೂ ಹೌದು, ಕೇರಿಯದೂ ಹೌದು. ಬಾವಿ ಬೇರೆ ಮಾಡಿದರು, ದಾರಿ ಬೇರೆ ಮಾಡಿದರು, ಸುಡುಗಾಡು ಬೇರೆ ಮಾಡಿದರು, ಹೋಟೆಲಿನಲ್ಲಿ ಲೋಟ ಬೇರೆ ಇಟ್ಟರು. ನಾಲಿಗಿಗೆ ಮಾತ್ರ ಎರಡು ಹೆಸರು ಇಡಲಿಲ್ಲ. ಲೋಟ ಎರಡು ಇಟ್ಟವನ ಬಾಯಿಯಲ್ಲಿ ಇರುವುದೂ ನಾಲಿಗಿ, ಆ ಲೋಟದಲ್ಲಿ ಚಾ ಕುಡಿದವನ ಬಾಯಿಯಲ್ಲಿ ಇರುವುದೂ ನಾಲಿಗಿ.

ಇನ್ನು ಅರ್ಥಕ್ಕೆ ಬರೋಣ. ಬೇರೆ ಕೆಲವು ನಾಡುಗಳಲ್ಲಿ ನಾಲಿಗೆ ಎಂಬ ಪದವೇ ಭಾಷೆ ಎಂಬ ಅರ್ಥ ಕೊಡುತ್ತದೆ. ಇಂಗ್ಲಿಷಿನವರು ತಾಯಿನುಡಿಗೆ ಮದರ್ ಟಂಗ್ ಅನ್ನುತ್ತಾರೆ, ತಾಯಿಯ ನಾಲಿಗೆ ಅಂತ. ಅವರ ಲ್ಯಾಂಗ್ವೇಜ್ ಎಂಬ ಪದ ಬಂದದ್ದು ಲ್ಯಾಟಿನ್ನಿನ ಲಿಂಗ್ವಾ ಎಂಬ ಪದದಿಂದ, ಅದೂ ನಾಲಿಗೆಯೇ. ಫಾರಸಿ, ಉರ್ದುವಿನಲ್ಲಿ ಜಬಾನ್ ಅಂದರೆ ನಾಲಿಗೆ, ಜಬಾನ್ ಅಂದರೆ ಭಾಷೆ.

ಈ ಜಬಾನ್ ನಮ್ಮ ಸೀಮೆಗೆ ಹೊಸದಲ್ಲ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಕಚೇರಿಯ ಭಾಷೆ ಉರ್ದು. ನಮ್ಮ ಮುತ್ಯಾಂದಿರು ಅರ್ಜಿ ಕೊಡಬೇಕಾದರೆ ಮೊದಲು ಒಬ್ಬನ ಕೈಕಾಲು ಹಿಡಿದು ತಮ್ಮ ಮಾತನ್ನು ಆ ಜಬಾನಿಗೆ ಹಾಕಿಸಬೇಕಿತ್ತು. ಅವನು ಏನು ಬರೆದ ಅಂತ ಇವರಿಗೆ ತಿಳಿಯದು, ಹೆಬ್ಬೆಟ್ಟು ಒತ್ತುವುದೊಂದೇ. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. ಕಚೇರಿಗೆ ಕನ್ನಡ ಬಂತು ಅಂತ ಖುಷಿಪಟ್ಟೆವು. ಬಂದ ಕನ್ನಡ ಯಾವುದು? 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಕನ್ನಡ. ಇಂದಿಗೂ ನಮ್ಮ ಅವ್ವ ತಹಸೀಲ್ದಾರ್ ಕಚೇರಿಯ ಗಿಡದ ಕೆಳಗೆ ಕುಂತ ಅರ್ಜಿ ಬರೆಯುವವನ ಮುಂದೆಯೇ ನಿಲ್ಲಬೇಕು.

ಕನ್ನಡದಲ್ಲಿ ನಾಲಿಗೆ ಅಂದರೆ ಭಾಷೆ ಅಂತ ಆಗಲಿಲ್ಲ. ಭಾಷೆಗೆ ನಾವು ನುಡಿ ಅಂದೆವು. ನಾಲಿಗೆಗೆ ಬೇರೆ ಅರ್ಥಗಳು ಬಂದವು. ಗಂಟೆಯೊಳಗೆ ತೂಗುವ ಬಡಿಗೆ ಗಂಟೆಯ ನಾಲಿಗೆ. ಗಂಟಲ ಬಾಗಿಲಲ್ಲಿ ಇಳಿಬಿದ್ದದ್ದು ಕಿರುನಾಲಿಗೆ. ಉರಿ ಎದ್ದರೆ ಕೆನ್ನಾಲಿಗೆ. ಎಲ್ಲಕ್ಕಿಂತ ದೊಡ್ಡ ಅರ್ಥ ಇನ್ನೊಂದಿದೆ. 'ಅವನು ನಾಲಿಗೆಗೆ ತಪ್ಪುವವನಲ್ಲ' ಅಂತೀವಿ. ಅಂದರೆ ಕೊಟ್ಟ ಮಾತು ಉಳಿಸಿಕೊಳ್ಳುವವನು. 'ಅವನಿಗೆ ಎರಡು ನಾಲಿಗೆ' ಅಂತೀವಿ, ಅಂದರೆ ನಂಬಬೇಡಿರಿ. ಕನ್ನಡದ ಜನ ನಾಲಿಗೆಯನ್ನು ಅಳೆದದ್ದು ಸ ಮತ್ತು ಶ ಹಿಡಿದು ಅಲ್ಲ, ಮಾತು ಉಳಿಸಿಕೊಂಡನೋ ಇಲ್ಲವೋ ಎಂಬುದನ್ನು ಹಿಡಿದು. ಈ ಅಳತೆಯಲ್ಲಿ ತೂಗಿದರೆ ಐದು ವರ್ಷಕ್ಕೊಮ್ಮೆ ನಮ್ಮ ಕೇರಿಗೆ ಬಂದು ಮೈಕು ಹಿಡಿಯುವವರ ಕುಲ ಯಾವುದು ಎಂದು ನೀವೇ ಹೇಳಿರಿ.

ಹಾಗಾದರೆ ನಾಲಿಗೆ ಕುಲ ಹೇಳ್ತದ ಎಂಬ ಮಾತು ಎಲ್ಲಿಂದ ಬಂತು? ಅದು ನಿನ್ನೆ ಮೊನ್ನೆಯದಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಬರೆದ ಭಾರತದಲ್ಲೇ ಅದು ಇದೆ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಹೊತ್ತು. ಈ ಮುದುಕನಿಗೆ ಯಾಕೆ ಪಟ್ಟ ಎಂದು ಕರ್ಣ ಹೀಯಾಳಿಸುತ್ತಾನೆ. ಆಗ ಎದ್ದವನು ದ್ರೋಣ. ನಾಲಗೆ ಕುಲವನ್ನು ಬಯಲು ಮಾಡುವ ಹಾಗೆ ಕೆಟ್ಟ ಮಾತಾಡುತ್ತೀಯಲ್ಲ ಎಂಬರ್ಥದಲ್ಲಿ ತುಂಬಿದ ಸಭೆಯಲ್ಲಿ ಕರ್ಣನನ್ನು ಬೈಯುತ್ತಾನೆ. ಕರ್ಣ ಆಡಿದ್ದು ತಪ್ಪು ಅನ್ನಿರಿ, ಹಿರಿಯರನ್ನು ಹೀಯಾಳಿಸಬಾರದು. ಆದರೆ ತಪ್ಪಿಗೆ ಉತ್ತರ ಕೊಡದೆ ಹುಟ್ಟಿಗೆ ಕೈ ಹಾಕಿದವನು ಯಾರು ನೋಡಿರಿ. ಗುರು. ಏಕಲವ್ಯನ ಹೆಬ್ಬೆರಳು ಕೇಳಿದ ಅದೇ ಬಾಯಿ. ಪಂಪ ದೊಡ್ಡ ಕವಿ, ಕರ್ಣನ ಬಾಯಿ ಮುಚ್ಚಿಸಲಿಲ್ಲ. ಹುಟ್ಟಿನ ಕುಲವೇನು ಎತ್ತಿ ಆಡುತ್ತೀರಿ, ಮನುಷ್ಯನ ಛಲ, ಗುಣ ನೋಡಿರಿ ಎಂಬ ಉತ್ತರವನ್ನು ಅವನಿಂದ ಕೊಡಿಸಿದ. ಸಾಲಿಯಲ್ಲಿ ನಮಗೆ ದ್ರೋಣನ ಮಾತು ಮಾತ್ರ ಹೇಳಿದರು. ಕರ್ಣನ ಉತ್ತರ ನಾವು ಕಾಲೇಜಿಗೆ ಹೋಗಿ ಓದಿಕೊಳ್ಳಬೇಕಾಯಿತು.

ಕಾವ್ಯದಲ್ಲಿ ಬೈದು ಬಿಟ್ಟರು. ಶಾಸ್ತ್ರದಲ್ಲಿ ಬಿಡಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಶೂದ್ರನು ದ್ವಿಜನನ್ನು ಬಿರುಸಾಗಿ ಬೈದರೆ ನಾಲಿಗೆ ಕತ್ತರಿಸಬೇಕು ಎಂಬ ವಿಧಿ ಇದೆ. ಹೆಸರು ಜಾತಿ ಹಿಡಿದು ಹೀಯಾಳಿಸಿದರೆ ಕಾದ ಕಬ್ಬಿಣದ ಮೊಳೆ ಬಾಯಿಗೆ. ಬ್ರಾಹ್ಮಣನಿಗೆ ಧರ್ಮ ಹೇಳಲು ಹೋದರೆ ಕಾದ ಎಣ್ಣೆ ಬಾಯಿಗೆ, ಕಿವಿಗೆ. ಗೌತಮ ಧರ್ಮಸೂತ್ರದಲ್ಲಿ ವೇದ ಉಚ್ಚರಿಸಿದ ಶೂದ್ರನಿಗೆ ನಾಲಿಗೆ ಛೇದನ. ಶೂದ್ರರಿಗೇ ಇದು. ಇನ್ನು ಶೂದ್ರರಿಗಿಂತ ಹೊರಗೆ ಇಟ್ಟ ನಮ್ಮ ಗತಿ ಏನು? ಒಂದು ವಿಷಯ ಗಮನಿಸಿರಿ. ಕತ್ತರಿಸಬೇಕು ಅಂದರೆ ಆ ನಾಲಿಗೆ ಮಾತಾಡುತ್ತಿತ್ತು ಎಂದೇ ಅರ್ಥ. ಸುಮ್ಮನಿದ್ದ ನಾಲಿಗೆಗೆ ಯಾರೂ ಕಾನೂನು ಬರೆಯೋದಿಲ್ಲ.

ಬಾಬಾಸಾಹೇಬರು 1920ರ ಜನವರಿ 31ರಂದು ಮರಾಠಿಯಲ್ಲಿ ಒಂದು ಪಾಕ್ಷಿಕ ತೆಗೆದರು. ಹೆಸರು 'ಮೂಕನಾಯಕ'. ಬಾಯಿಲ್ಲದವರ ನಾಯಕ ಅಂತ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಮೊದಲು ಬಾಯಿ ಕೊಟ್ಟರು, ಆಮೇಲೆ ಬಾಯಿ ಕಟ್ಟಿದ ಗ್ರಂಥಕ್ಕೆ ಬೆಂಕಿ ಇಟ್ಟರು. ಈ ಕ್ರಮವನ್ನು ನಾವು ಮರೆಯಬಾರದು.

ಈಗ ಆ ಕೇಸಿನ ಕಥೆ. ನಮ್ಮ ದೊಡ್ಡವ್ವ ಒಬ್ಬಾಕಿ ಕಳೆ ಕಿತ್ತ ಕೂಲಿ ಕೇಳಲು ಹೋದಳು. ಕೊಡಬೇಕಾದವನು ಹೋಟೆಲಿನ ಮುಂದೆ, ಹತ್ತು ಜನ ಚಾ ಕುಡಿಯುತ್ತಿದ್ದಾಗ, ಅವಳ ಜಾತಿ ಹೆಸರು ಹಿಡಿದು ಬೈದ. ಏನಂತ ಬೈದ ಎಂದು ಇಲ್ಲಿ ಕುಂತ ಯಾರಿಗೂ ಹೇಳಬೇಕಾಗಿಲ್ಲ. ದೊಡ್ಡವ್ವ ಅಳಲಿಲ್ಲ. ಸ್ಟೇಷನ್ನಿಗೆ ಹೋದಳು. ಬರೆಯುವವರ ಮುಂದೆ ಕುಂತು, ಅವನು ಅಂದದ್ದನ್ನು ಅಂದ ಹಾಗೇ ಹೇಳಿದಳು. ಬರೆಯುವವರು ಪೆನ್ನು ನಿಲ್ಲಿಸಿದರು. "ಯವ್ವಾ, ಅದನ್ನ ಹಂಗ ಬರೆಯಾಕ ಬರಂಗಿಲ್ಲ, ಕೆಟ್ಟ ಮಾತು ಐತಿ" ಅಂದರು. 'ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ' ಎಂದು ಬರೆದರು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಮುಂದೆ ಏನಾಯಿತು? "ದೂರಿನಾಗ ಜಾತಿ ಹೆಸರೇ ಇಲ್ಲಲ್ಲ, ಇದು ಬರೇ ಜಗಳ" ಅಂದರು. ಕೇಸು ಬಿತ್ತು. ಕೂಲಿಯೂ ಹೋಯಿತು.

ಬಂಧುಗಳೇ, ಅವಾಚ್ಯ ಅಂದರೆ ಬಾಯಿಂದ ಆಡಬಾರದ್ದು. ಹೋಟೆಲಿನ ಮುಂದೆ ಗಂಟಲು ಹರಿಯುವ ಹಾಗೆ ಆಡಲು ಬಂದ ಮಾತು ಕಾಗದದ ಮೇಲೆ ಬರೆಯುವಾಗ ಮಾತ್ರ ಆಡಬಾರದ್ದು ಆಯಿತು. ಬೈದವನ ನಾಲಿಗಿ ಸ್ವಚ್ಛವಾಯಿತು. ಅದನ್ನು ತಿರುಗಿ ಹೇಳಿದ ನಮ್ಮ ದೊಡ್ಡವ್ವನ ನಾಲಿಗಿ ಕೆಟ್ಟದ್ದಾಯಿತು. ಶಾಸ್ತ್ರದ ಕಾಲದಲ್ಲಿ ಕತ್ತಿ ಬೇಕಿತ್ತು. ಈಗ ಒಂದು ಸಂಸ್ಕೃತ ಪದ ಸಾಕು.

ಕಾನೂನು ಏನು ಹೇಳ್ತದೆ ಕೇಳಿರಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆ 1989ರದು. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3ನೆಯ ಕಲಮಿನಲ್ಲಿ ಅಪರಾಧಗಳ ಪಟ್ಟಿ ಇದೆ. ಆ ಪಟ್ಟಿಯ ಮೊಟ್ಟಮೊದಲ ಅಪರಾಧ ಯಾವುದು ಗೊತ್ತೇ? ನಮ್ಮವರ ಬಾಯಿಗೆ ತಿನ್ನಬಾರದ್ದನ್ನು, ಹೇಸಿಗೆಯನ್ನು ಹಾಕುವುದು. ಎಣಿಕೆ ಶುರುವಾಗುವುದೇ ನಮ್ಮ ನಾಲಿಗಿಯಿಂದ. ಈ ದೇಶದಲ್ಲಿ ನಮಗೆ ಏನೇನು ಆಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು?

ಅದೇ ಕಲಮಿನ 3(1)(ಎಸ್) ಎಂಬ ಭಾಗ ಜಾತಿ ಹೆಸರು ಹಿಡಿದು ಬೈಯುವುದರ ಬಗ್ಗೆ. ಅಲ್ಲಿ ಎರಡು ಮಾತು ಮುಖ್ಯ. ಜಾತಿಯ ಹೆಸರು ಹಿಡಿದು ಬೈದಿರಬೇಕು. ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. 2020ರಲ್ಲಿ ಹಿತೇಶ್ ವರ್ಮ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಎರಡನೆಯ ಮಾತನ್ನು ಒತ್ತಿ ಹೇಳಿದೆ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಅಂದ ಮಾತು ಇದಕ್ಕೆ ಹತ್ತುವುದಿಲ್ಲ. ಆದ್ದರಿಂದ ಏನಂದ, ಎಲ್ಲಿ ನಿಂತು ಅಂದ, ಯಾರ್ಯಾರು ಕೇಳಿದರು, ಈ ಮೂರೂ ದೂರಿನಲ್ಲಿ ಬರಬೇಕು. 'ಅವಾಚ್ಯ' ಎಂದು ಬರೆದರೆ ಮೊದಲನೆಯದೇ ಹೋಯಿತು.

ಇದೇ ಕಾಯಿದೆಯ 4ನೆಯ ಕಲಂ ಅಧಿಕಾರಿಗಳ ಕರ್ತವ್ಯದ ಬಗ್ಗೆ. ಬಾಯಿಂದ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಸಹಿ ಹಾಕಿಸಿಕೊಳ್ಳುವ ಮುಂಚೆ, ಹೇಳಿದವರಿಗೆ ಅದನ್ನು ಓದಿ ಹೇಳಬೇಕು. ಅದರ ನಕಲನ್ನು ಕೂಡಲೇ ಕೊಡಬೇಕು. ಇದು ಉಪಕಾರ ಅಲ್ಲ. ಕರ್ತವ್ಯ ಬೇಕೆಂದು ಬಿಟ್ಟ ಅಧಿಕಾರಿಗೆ, ಅವನು ನಮ್ಮ ಜಾತಿಯವನಲ್ಲದಿದ್ದರೆ, ಶಿಕ್ಷೆಯನ್ನೂ ಆ ಕಲಂ ಹೇಳುತ್ತದೆ. ಅಂದು ದೊಡ್ಡವ್ವನಿಗೆ ಇದು ಗೊತ್ತಿರಲಿಲ್ಲ. ಬಿ.ಎ. ಓದಿದ ನಮಗೂ ಗೊತ್ತಿರಲಿಲ್ಲ. ಅದೇ ನಮಗೆ ನಾಚಿಕೆ.

ದೂರಿನ ನಾಲಿಗಿ ಒಂದಾದರೆ ಸಾಕ್ಷಿಯ ನಾಲಿಗಿ ಇನ್ನೊಂದು. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನು ಮನೆಯೊಳಗೆ ಜೀವಂತ ಸುಟ್ಟರು. ಪೇಪರಿನವರು ಇಂಥ ಸುದ್ದಿಗೆ ಬೆಂಕಿಯ ಕೆನ್ನಾಲಿಗೆ ಎಂದು ಬರೆಯುತ್ತಾರೆ. ಬೆಂಕಿಗೆ ನಾಲಿಗೆ ಇತ್ತು, ಸಾಕ್ಷಿಗಳಿಗೆ ಇರಲಿಲ್ಲ. ಅವರು ಕೋರ್ಟಿನಲ್ಲಿ ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳನ್ನು ಬೈಯಲು ನಮಗೆ ಬಾಯಿ ಬರೋದಿಲ್ಲ. ಅವರು ಬದುಕಬೇಕಾದದ್ದು ಅದೇ ಊರಿನಲ್ಲಿ.

ಇನ್ನೊಂದು ನಮ್ಮ ಪಕ್ಕದ್ದು. ಸಿಂಧನೂರು ದಾಟಿದರೆ ಗಂಗಾವತಿ ತಾಲ್ಲೂಕು, ಅಲ್ಲಿ ಮರಕುಂಬಿ. ಕ್ಷೌರದ ಅಂಗಡಿಗೆ, ಹೋಟೆಲಿಗೆ ನಮ್ಮವರನ್ನು ಸೇರಿಸುವುದಿಲ್ಲ ಎಂಬ ಜಗಳ ಇದ್ದ ಊರು. 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದಿತು, 98 ಜನರಿಗೆ ಜೀವಾವಧಿ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಆದ್ದರಿಂದ ಗೆದ್ದೆವು ಎಂದು ಕುಣಿಯುವ ಹಾಗಿಲ್ಲ. ಆದರೆ ಒಂದು ಮಾತು ಸತ್ಯ. ಹತ್ತು ವರ್ಷ ಕಳೆದ ಮೇಲೂ ನಮ್ಮ ಜನರ ಮಾತು ಕೋರ್ಟಿನ ತೀರ್ಪಿನ ತನಕ ಹೋಗಿ ಮುಟ್ಟಬಲ್ಲದು.

ಕೊನೆಗೆ ನಮ್ಮ ಊರಿನ ಕಲ್ಲಿಗೆ ಬರೋಣ. ದನ ಕಾಯುವ ಹುಡುಗರಿಗೂ ಗೊತ್ತಿರುವ ಕಲ್ಲು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಈ ಸೀಮೆಯಲ್ಲಿ ಓಡಾಡುತ್ತಿದ್ದಾಗ ಮಸ್ಕಿಯ ಗುಡ್ಡದಲ್ಲಿ ಅದನ್ನು ಕಂಡ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಆ ತನಕ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ರಾಜನಿಗೆ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಅವನ ಸ್ವಂತ ಹೆಸರು ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕಿತು.

ಆ ಹೆಸರನ್ನು ಕಲ್ಲಿನ ಮೇಲೆ ಹೇಗೆ ಕೆತ್ತಿದ್ದಾರೆ ಗೊತ್ತೇ? ಅಶೋಕ ಅಂತ ಅಲ್ಲ. ಅಸೋಕ ಅಂತ. ಸ. ನಾವು ಐದನೆಯ ಕ್ಲಾಸಿನಲ್ಲಿ ಬೆತ್ತ ತಿಂದ ಸ. ಮೌರ್ಯರ ಚಕ್ರವರ್ತಿ ತನ್ನ ಹೆಸರನ್ನು ಕಲ್ಲಿಗೆ ಕೊಟ್ಟಿದ್ದು ಕೇರಿಯ ಹುಡುಗ ಓದಿದ ಹಾಗೆಯೇ. ಆ ಮಾಸ್ತರರು ಈಗ ಸಿಕ್ಕರೆ ಜಗಳ ಮಾಡೋದಿಲ್ಲ. ಕೈ ಹಿಡಿದು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇವೆ.

ಆ ಕಲ್ಲು ಹೇಳುವುದೇನು? ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷದ ಮೇಲಾಯಿತು ಎನ್ನುತ್ತಾನೆ ಅಸೋಕ. ಧಮ್ಮದಲ್ಲಿ ನಡೆಯುವ ಸಣ್ಣ ಮನುಷ್ಯನಿಗೂ ಈ ಗುರಿ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎನ್ನುತ್ತಾನೆ. ಸಣ್ಣವನಿಗೆ ಅಲ್ಲಿಯ ಪದ ಖುದಕ. ದೊಡ್ಡವನಿಗೆ ಉಡಾಲಕ. ಆಮೇಲೆ, ಖುದಕನಿಗೂ ಉಡಾಲಕನಿಗೂ ಇದನ್ನು ಹೇಳಬೇಕು ಎಂಬ ಆಜ್ಞೆ ಇದೆ. ಹೇಳಬೇಕು ಎಂಬುದಕ್ಕೆ ಅಲ್ಲಿಯ ಪದ ವತವಿಯ. ಸಂಸ್ಕೃತದಲ್ಲಿ ವಕ್ತವ್ಯ. ಬರೆದು ಬಿಟ್ಟರೆ ಸಾಲದು, ಬಾಯಿಂದ ಹೇಳಬೇಕು. ಓದು ಬಾರದ ಜನಕ್ಕೆ ಯಾರೋ ಕಲ್ಲಿನ ಮುಂದೆ ನಿಂತು ನಾಲಿಗೆ ಆಡಿಸಬೇಕು.

ಈಗ ಎರಡು ಪದ ಪಕ್ಕ ಪಕ್ಕ ಇಡಿರಿ. ವತವಿಯ, ಅವಾಚ್ಯ. ಎರಡರ ಧಾತುವೂ ಒಂದೇ, ಮಾತಾಡು ಎಂಬ ಅರ್ಥದ 'ವಚ್'. ಒಂದರ ಅರ್ಥ ಹೇಳಲೇಬೇಕಾದ್ದು. ಇನ್ನೊಂದರ ಅರ್ಥ ಹೇಳಬಾರದ್ದು. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಗುಡ್ಡದ ಮೇಲೆ ಸಣ್ಣವರಿಗೂ ಹೇಳಬೇಕು ಎಂದು ಕೆತ್ತಿದರು. ನಮ್ಮ ಕಾಲದಲ್ಲಿ ಸಣ್ಣವರು ಹೇಳಿದ್ದನ್ನು ಬರೆಯಬಾರದು ಅಂದರು. ನಮ್ಮ ಹೋರಾಟ ಈ ಎರಡು ಪದದ ನಡುವೆ ನಿಂತಿದೆ. ನಾವು ವತವಿಯದ ಕಡೆಯವರು.

ಮುತ್ಯಾ ಕೇಳಿದರಲ್ಲ, ಪದ ತಗೊಂಡು ಏನು ಮಾಡ್ತೀರಿ ಅಂತ. ಮಾಡುವುದು ಹೇಳ್ತೀವಿ.

ಒಂದು. ನಿಮ್ಮ ಮನೆಯ ಕೂಸು ನಾಲಿಗಿ ಅಂದರೆ, ಅಸೋಕ ಅಂದರೆ, ನಗಬೇಡಿರಿ, ಹೊಡೆಯಬೇಡಿರಿ. ಪುಸ್ತಕದ ಶ ಕಲಿಯಲಿ, ಪರೀಕ್ಷೆಗೆ ಬೇಕು, ನೌಕರಿಗೆ ಬೇಕು. ಆದರೆ ತನ್ನ ಸ ಕೆಟ್ಟದ್ದೆಂದು ಕಲಿಯಬಾರದು.

ಎರಡು. ಸ್ಟೇಷನ್ನಿಗೆ ಒಬ್ಬರೇ ಹೋಗಬೇಡಿರಿ. ಓದು ಬಲ್ಲ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿರಿ. ಅಂದ ಮಾತನ್ನು ಅಂದ ಹಾಗೇ ಬರೆಸಿರಿ. 'ಅವಾಚ್ಯ' ಎಂದು ಕಂಡರೆ ಸಹಿ ಹಾಕಬೇಡಿರಿ. ಓದಿ ಹೇಳಿರಿ ಅನ್ನಿರಿ. ನಕಲು ಕೊಡಿರಿ ಅನ್ನಿರಿ. ಬಿ.ಎ. ಓದಿದ ನಾವು ಬರುತ್ತೇವೆ. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಬರುತ್ತೇವೆ. ಇದು ನಮ್ಮ ನಾಲಿಗಿ. ತಪ್ಪಿದರೆ ಈ ಸಭೆಯಲ್ಲೇ ಎದ್ದು ಕೇಳಿರಿ.

ಮೂರು. ಸಾಕ್ಷಿ ಹೇಳಲು ಹೊರಟವರನ್ನು ಒಂಟಿ ಬಿಡಬೇಡಿರಿ. ಅವರ ಮನೆಗೆ ಜೋಳ ಇದೆಯೋ, ಅವರಿಗೆ ಕೂಲಿ ಸಿಗುತ್ತಿದೆಯೋ ನೋಡಿರಿ. ಹಸಿದ ಹೊಟ್ಟೆಯ ಮೇಲೆ ನಾಲಿಗಿ ಗಟ್ಟಿ ನಿಲ್ಲೋದಿಲ್ಲ.

ದೊಡ್ಡವ್ವ ಅಲ್ಲಿ ಕಂಬದ ಹತ್ತಿರ ಕುಂತಾಳೆ. ಈ ಮಾತಾಡುವ ಮುಂಚೆ ಅವಳನ್ನು ಕೇಳಿದೆವು, "ದೊಡ್ಡವ್ವಾ, ನಿನ್ನ ಕಥಿ ಹೇಳಲೇನು?" ಅಂತ. "ಹೇಳ್ರಿ. ನಾ ಹೇಳಿದ್ದು ಅವರು ಬರೀಲಿಲ್ಲ, ನೀವಾದರೂ ಬರೀರಿ" ಅಂದಳು. ಬರೆದಿದ್ದೇವೆ.

ಜೈ ಭೀಮ್.